ಒಂದೇ ಬಂಡವಾಳ, ಇಬ್ಬರು ಹಕ್ಕುದಾರರು: ಲೋಹದೊಳಗೆ ನಡೆಯುವ ಪೈಪೋಟಿ

1902ರ ಜೂನ್ 30ರಂದು ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ಸುಮಾರು 147 ಕಿಲೋಮೀಟರ್ ದೂರ. ಆ ಕಾಲದಲ್ಲಿ ಜಗತ್ತಿನಲ್ಲೇ ಅಷ್ಟು ಉದ್ದದ ವಿದ್ಯುತ್ ಮಾರ್ಗ ಅಪರೂಪ. ಮೈಸೂರಿನವರಾದ ನಮಗೆ ಇದು ಹೆಮ್ಮೆಯ ವಿಷಯ. ಆದರೆ ಲೆಕ್ಕ ಬರೆಯುವವರು ಇಲ್ಲಿ ಒಂದು ಪ್ರಶ್ನೆ ಕೇಳಬೇಕು. ಅಲ್ಲಿಂದ ಹೊರಟ ವಿದ್ಯುತ್ತೆಲ್ಲಾ ಇಲ್ಲಿಗೆ ಬಂದು ಸೇರಿತೇ?

ಇಲ್ಲ. ಯಾವ ತಂತಿಯೂ ವಿದ್ಯುತ್ತನ್ನು ಪುಕ್ಕಟೆಯಾಗಿ ಸಾಗಿಸುವುದಿಲ್ಲ. ತಾಮ್ರವಾಗಲಿ ಅಲ್ಯೂಮಿನಿಯಂ ಆಗಲಿ, ದಾರಿಯಲ್ಲಿ ತನ್ನ ಕಮಿಷನ್ ಹಿಡಿದುಕೊಳ್ಳುತ್ತದೆ. ಆ ಭಾಗ ಶಾಖವಾಗಿ ಹೋಗುತ್ತದೆ. ಮೊಬೈಲ್ ಚಾರ್ಜರ್ ಬಿಸಿಯಾಗುವುದರಲ್ಲೂ ಇದರ ಪಾಲಿದೆ. ತಂತಿಯ ಈ ಗುಣಕ್ಕೆ ರೋಧ ಎಂದು ಹೆಸರು.

ಕಮಿಷನ್ ಕೇಳದ ವಸ್ತುಗಳೂ ಇವೆ. ಅವುಗಳನ್ನು ಅತಿವಾಹಕಗಳು, ಅಂದರೆ ಸೂಪರ್‌ಕಂಡಕ್ಟರ್‌ಗಳು ಎನ್ನುತ್ತಾರೆ. ಅವುಗಳಿಗೆ ಲೋಹದ ಒಳಗೇ ಒಬ್ಬ ಪ್ರತಿಸ್ಪರ್ಧಿ ಇದ್ದಾನೆ ಎಂಬುದು ಈ ಲೇಖನದ ವಿಷಯ. ಸೈನ್ಸ್ ವಿಭಾಗದ ಸ್ನೇಹಿತರು "ಕಾಮರ್ಸ್‌ನವರಿಗೆ ಇದೆಲ್ಲಾ ಯಾಕೆ" ಎಂದು ಕೇಳಬಹುದು. ಮಿತವಾದ ಬಂಡವಾಳಕ್ಕೆ ಇಬ್ಬರು ಹಕ್ಕು ಹೇಳಿದರೆ ಏನಾಗುತ್ತದೆ ಎಂಬುದು ನಮ್ಮ ಪಾಠವೇ ಅಲ್ಲವೇ?

ಕಮಿಷನ್ ಇಲ್ಲದ ತಂತಿ

1908ರಲ್ಲಿ ಹಾಲೆಂಡಿನ ಲೈಡನ್ ನಗರದಲ್ಲಿ ಹೈಕೆ ಕಾಮರ್ಲಿಂಗ್ ಓನ್ನೆಸ್ ಎಂಬ ವಿಜ್ಞಾನಿ ಹೀಲಿಯಂ ಅನಿಲವನ್ನು ಮೊದಲ ಬಾರಿಗೆ ದ್ರವ ಮಾಡಿದರು. ಅದು ಕುದಿಯುವುದೇ 4.2 ಕೆಲ್ವಿನ್‌ನಲ್ಲಿ, ಅಂದರೆ ಸೊನ್ನೆಗಿಂತ 269 ಡಿಗ್ರಿ ಸೆಲ್ಸಿಯಸ್ ಕೆಳಗೆ. ಮೂರು ವರ್ಷಗಳ ನಂತರ, 1911ರಲ್ಲಿ, ಅವರ ಪ್ರಯೋಗಾಲಯದಲ್ಲಿ ಪಾದರಸವನ್ನು ಅಷ್ಟು ತಣ್ಣಗೆ ಮಾಡಿದಾಗ ಅದರ ರೋಧ ಥಟ್ಟನೆ ಮಾಯವಾಯಿತು. ಕಡಿಮೆಯಾದದ್ದಲ್ಲ, ಇಲ್ಲವೇ ಆಯಿತು. 1913ರಲ್ಲಿ ಅವರಿಗೆ ನೊಬೆಲ್ ಬಂತು. ಹೀಗೇಕೆ ಆಗುತ್ತದೆ ಎಂದು ತೃಪ್ತಿಯಾಗುವಂತೆ ವಿವರಿಸಲು 1957ರವರೆಗೆ ಕಾಯಬೇಕಾಯಿತು. ಬಾರ್ಡೀನ್, ಕೂಪರ್, ಶ್ರೀಫರ್ ಎಂಬ ಮೂವರು ಕೊಟ್ಟ ಆ ವಿವರಣೆಯನ್ನು ಅವರ ಹೆಸರಿನ ಮೊದಲಕ್ಷರಗಳಿಂದ ಬಿಸಿಎಸ್ ಸಿದ್ಧಾಂತ ಎನ್ನುತ್ತಾರೆ.

ಅದನ್ನು ತಿಳಿಯಲು ಲೋಹದ ಒಳಗೆ ಇಣುಕಬೇಕು. ಅಲ್ಲಿ ಪರಮಾಣುಗಳು ಸಾಲುಸಾಲಾಗಿ, ಸಮ ಅಂತರದಲ್ಲಿ ನಿಂತಿರುತ್ತವೆ. ಶುಕ್ರವಾರದ ಜುಮಾ ನಮಾಜಿಗೆ ನಾವು ನಿಲ್ಲುವ ಸಫ್, ಅಂದರೆ ಸಾಲು, ಹೇಗಿರುತ್ತದೋ ಹಾಗೆ. ಮುಂದಿನ ಸಾಲು, ಹಿಂದಿನ ಸಾಲು, ಎಲ್ಲದಕ್ಕೂ ಒಂದು ಕ್ರಮ. ಪ್ರತಿ ಪರಮಾಣುವೂ ತನ್ನ ಒಂದೋ ಎರಡೋ ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟಿರುತ್ತದೆ. ಆ ಎಲೆಕ್ಟ್ರಾನುಗಳು ಯಾರ ಸ್ವಂತವೂ ಅಲ್ಲ, ಇಡೀ ಲೋಹದ ಸಾಮೂಹಿಕ ಆಸ್ತಿ. ವಿದ್ಯುತ್ ಅಂದರೆ ಅವುಗಳ ಓಡಾಟ. ಪರಮಾಣುಗಳು ನಿಂತಲ್ಲೇ ನಡುಗುತ್ತಿರುತ್ತವೆ, ನಡುವೆ ಅಲ್ಲಲ್ಲಿ ಕಲಬೆರಕೆಯೂ ಇರುತ್ತದೆ. ಓಡುವ ಎಲೆಕ್ಟ್ರಾನು ಇವುಗಳಿಂದ ದಾರಿ ತಪ್ಪಿ ಚದುರುತ್ತದೆ. ರೋಧ ಹುಟ್ಟುವುದು ಹೀಗೆ.

ತುಂಬಾ ತಣ್ಣಗಾದಾಗ ಬೇರೆಯದೇ ನಡೆಯುತ್ತದೆ. ಋಣ ಆವೇಶದ ಎಲೆಕ್ಟ್ರಾನು ಹಾದುಹೋಗುವಾಗ ಧನ ಆವೇಶದ ಪರಮಾಣುಗಳನ್ನು ತುಸು ತನ್ನತ್ತ ಎಳೆಯುತ್ತದೆ. ಅದು ಮುಂದೆ ಹೋದ ಮೇಲೂ ಆ ಜಾಗದಲ್ಲಿ ಸ್ವಲ್ಪ ಹೊತ್ತು ಧನ ಆವೇಶ ಹೆಚ್ಚಾಗಿ ಉಳಿಯುತ್ತದೆ. ಅದಕ್ಕೆ ಇನ್ನೊಂದು ಎಲೆಕ್ಟ್ರಾನು ಆಕರ್ಷಿತವಾಗುತ್ತದೆ. ಹೀಗೆ ಪರಸ್ಪರ ದೂರ ತಳ್ಳಬೇಕಾದ ಎರಡು ಎಲೆಕ್ಟ್ರಾನುಗಳು ಪರಮಾಣುಗಳ ಮಧ್ಯಸ್ಥಿಕೆಯಿಂದ ಜೋಡಿಯಾಗುತ್ತವೆ. ಇವೇ ಕೂಪರ್ ಜೋಡಿಗಳು. ಎಲ್ಲಾ ಜೋಡಿಗಳೂ ಒಂದೇ ಲಯದಲ್ಲಿ ಸಾಗುವುದರಿಂದ ಒಂದನ್ನು ಮಾತ್ರ ಹಿಡಿದು ಚದುರಿಸಲು ಆಗುವುದಿಲ್ಲ. ರೋಧ ಶೂನ್ಯವಾಗುತ್ತದೆ.

ಇನ್ನೊಬ್ಬ ಹಕ್ಕುದಾರ

ಎಲೆಕ್ಟ್ರಾನು ಮತ್ತು ಪರಮಾಣುಗಳ ಇದೇ ಸ್ನೇಹ ಇನ್ನೊಂದು ದಾರಿಯನ್ನೂ ಹಿಡಿಯಬಹುದು. ಅದನ್ನು ತೋರಿಸಿಕೊಟ್ಟವರು ರುಡಾಲ್ಫ್ ಪೈಯರ್ಲ್ಸ್.

ಸಮ ಅಂತರದ ಸಾಲಿನಲ್ಲಿ ಒಬ್ಬರನ್ನು ಬಿಟ್ಟು ಒಬ್ಬರು ಪಕ್ಕದವರ ಕಡೆಗೆ ಒಂದಿಷ್ಟು ಸರಿದರು ಎಂದುಕೊಳ್ಳಿ. ಆಗ ಇಬ್ಬಿಬ್ಬರ ಗುಂಪಾಗಿ ನಡುನಡುವೆ ಜಾಗ ಬಿಡುತ್ತದೆ. ಪರಮಾಣುಗಳು ಹೀಗೆ ಸರಿದಾಗ ಎಲೆಕ್ಟ್ರಾನುಗಳೂ ಒಂದು ಕಡೆ ದಟ್ಟವಾಗಿ, ಇನ್ನೊಂದು ಕಡೆ ವಿರಳವಾಗಿ ಸೇರುತ್ತವೆ. ದಟ್ಟ, ವಿರಳ, ದಟ್ಟ, ವಿರಳ ಎಂದು ಇಡೀ ಸ್ಫಟಿಕದಲ್ಲಿ ಒಂದು ಅಲೆ ಮೂಡುತ್ತದೆ. ಕೆರೆಯ ಅಲೆಯಂತೆ ಇದು ಓಡುವುದಿಲ್ಲ, ನಿಂತ ಅಲೆ. ಇದಕ್ಕೆ ಆವೇಶ ಸಾಂದ್ರತೆಯ ಅಲೆ ಎಂದು ಹೆಸರು. ಮುಂದೆ ಸುಲಭಕ್ಕೆ 'ಅಲೆ' ಎಂದಷ್ಟೇ ಬರೆಯುತ್ತೇನೆ.

ಲೋಹ ಇಷ್ಟು ಕಷ್ಟಪಟ್ಟು ಸಾಲು ಕೆಡಿಸಿಕೊಳ್ಳುವುದು ಯಾಕೆ? ಇದು ಲಾಭ-ನಷ್ಟದ ಲೆಕ್ಕ. ಪರಮಾಣುಗಳನ್ನು ಸ್ಥಾನದಿಂದ ಸರಿಸಲು ಶಕ್ತಿ ಖರ್ಚಾಗುತ್ತದೆ. ಆದರೆ ಸರಿದ ಮೇಲೆ ಕೆಲವು ಎಲೆಕ್ಟ್ರಾನುಗಳ ಶಕ್ತಿ ಕೆಳಗಿಳಿದು ಉಳಿತಾಯವಾಗುತ್ತದೆ. ಉಳಿತಾಯ ಖರ್ಚನ್ನು ಮೀರಿದರೆ ಅಲೆ ನಿಲ್ಲುತ್ತದೆ. ಬಿಸಿಯಾಗಿದ್ದಾಗ ಮೀರುವುದಿಲ್ಲ, ಒಂದು ನಿಶ್ಚಿತ ಉಷ್ಣತೆಗಿಂತ ತಣ್ಣಗಾದಾಗ ಮೀರುತ್ತದೆ.

ಅಲೆಗೆ ಸೇರಿದ ಎಲೆಕ್ಟ್ರಾನುಗಳು ಫಿಕ್ಸೆಡ್ ಡಿಪಾಸಿಟ್‌ನಲ್ಲಿಟ್ಟ ಹಣದಂತೆ. ಅವು ಲೋಹದೊಳಗೇ ಇವೆ, ಆದರೆ ವ್ಯವಹಾರಕ್ಕೆ ಸಿಗುವುದಿಲ್ಲ.

ಜಗಳ ಹುಟ್ಟುವ ಜಾಗ

ಲೋಹದಲ್ಲಿ ಎಲೆಕ್ಟ್ರಾನುಗಳು ಲೆಕ್ಕವಿಲ್ಲದಷ್ಟಿದ್ದರೂ ಹೆಚ್ಚಿನವು ಶಕ್ತಿಯ ಕೆಳ ಮೆಟ್ಟಿಲುಗಳಲ್ಲಿ ಸಿಕ್ಕಿಕೊಂಡಿರುತ್ತವೆ. ಎಲ್ಲಕ್ಕಿಂತ ಮೇಲಿನ ಮೆಟ್ಟಿಲಿನಲ್ಲಿರುವ ಕೆಲವಕ್ಕೆ ಮಾತ್ರ ಅತ್ತಿತ್ತ ಅಲುಗಾಡುವ ಅವಕಾಶ. ಆ ಮೇಲಿನ ಗಡಿಗೆ ಫರ್ಮಿ ಮೇಲ್ಮೈ ಎನ್ನುತ್ತಾರೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಅದೇ ಕಾರ್ಯನಿರತ ಬಂಡವಾಳ. ಅತಿವಾಹಕತೆಗೂ ಅದೇ ಬೇಕು, ಅಲೆಗೂ ಅದೇ ಬೇಕು.

ಸಾಮಾನ್ಯವಾಗಿ ಅಲೆಯೇ ಮೊದಲು ಬರುತ್ತದೆ, ಏಕೆಂದರೆ ಅದು ಹೆಚ್ಚು ಉಷ್ಣತೆಯಲ್ಲೇ ಏರ್ಪಡುತ್ತದೆ. ಆಮೇಲೆ ಇನ್ನೂ ತಣ್ಣಗಾದಾಗ ಬರುವ ಅತಿವಾಹಕತೆಗೆ ಉಳಿದ ಬಂಡವಾಳವೇ ಗತಿ. ಬಂಡವಾಳ ಸ್ವಲ್ಪ ಕಡಿಮೆಯಾದರೆ ಲಾಭವೂ ಸ್ವಲ್ಪ ಕಡಿಮೆಯಾಗಬಹುದು ಎಂದು ನಾವು ಎಣಿಸುತ್ತೇವೆ. ಇಲ್ಲಿ ಹಾಗಲ್ಲ.

ಬಿಸಿಎಸ್ ಸೂತ್ರದಲ್ಲಿ ಅತಿವಾಹಕತೆ ಆರಂಭವಾಗುವ ಉಷ್ಣತೆ ಒಂದು ಸಂಖ್ಯೆಯ ಮೇಲೆ ನಿಂತಿದೆ. ಮೇಲಿನ ಮೆಟ್ಟಿಲಿನ ಎಲೆಕ್ಟ್ರಾನುಗಳ ಸಾಂದ್ರತೆಯನ್ನು ಅವುಗಳ ನಡುವಿನ ಆಕರ್ಷಣೆಯಿಂದ ಗುಣಿಸಿದರೆ ಬರುವುದೇ ಆ ಸಂಖ್ಯೆ. ಉದಾಹರಣೆಗೆ ಅದು 0.30 ಇದೆ ಎಂದಿಟ್ಟುಕೊಳ್ಳೋಣ. ಅಲೆ ಬಂದು ಶೇಕಡಾ 20ರಷ್ಟು ಎಲೆಕ್ಟ್ರಾನುಗಳನ್ನು ಹಿಡಿದಿಟ್ಟರೆ ಅದು 0.24ಕ್ಕೆ ಇಳಿಯುತ್ತದೆ. ಸೂತ್ರದಲ್ಲಿ ಈ ಸಂಖ್ಯೆಯ ವಿಲೋಮ ಘಾತಾಂಕದಲ್ಲಿ ಕುಳಿತಿದೆ. ಹಾಗಾಗಿ ಲೆಕ್ಕ ಮಾಡಿದರೆ ಆ ಉಷ್ಣತೆ ಮೊದಲಿನ ಶೇಕಡಾ 43ಕ್ಕೆ ಕುಸಿಯುತ್ತದೆ. ಬಂಡವಾಳದಲ್ಲಿ ಐದನೇ ಒಂದು ಭಾಗ ಹೋದದ್ದಕ್ಕೆ ಲಾಭದಲ್ಲಿ ಅರ್ಧಕ್ಕಿಂತ ಹೆಚ್ಚು ಹೋಯಿತು. ಚಕ್ರಬಡ್ಡಿ ಕಲಿತವರಿಗೆ ಘಾತಾಂಕದ ಈ ಶಕ್ತಿ ಹೊಸದಲ್ಲ.

ಪ್ರಯೋಗಾಲಯದ ಸಾಕ್ಷಿ

ಈ ಪೈಪೋಟಿ ಚೆನ್ನಾಗಿ ಕಾಣುವುದು ಅಂತರಲೋಹೀಯ ಸಂಯುಕ್ತಗಳಲ್ಲಿ. ಹಿತ್ತಾಳೆಯಂತಹ ಮಿಶ್ರಲೋಹದಲ್ಲಿ ತಾಮ್ರ ಮತ್ತು ಸತುವನ್ನು ಹೆಚ್ಚು ಕಡಿಮೆ ಮಾಡಬಹುದು. ಅಂತರಲೋಹೀಯ ಸಂಯುಕ್ತ ಹಾಗಲ್ಲ. ಅದು ಬರಹದಲ್ಲಿರುವ ಪಾಲುದಾರಿಕೆ ಒಪ್ಪಂದದಂತೆ. ಪ್ರತಿ ಧಾತುವಿನ ಪಾಲೂ ನಿಶ್ಚಿತ, ಸ್ಫಟಿಕದಲ್ಲಿ ಅದರ ಆಸನವೂ ನಿಶ್ಚಿತ.

ಒಂದು ಪ್ರಸಿದ್ಧ ಉದಾಹರಣೆಯಲ್ಲಿ ಲುಟೇಷಿಯಂ 5, ಇರಿಡಿಯಂ 4, ಸಿಲಿಕಾನ್ 10 ಪಾಲು ಇವೆ. ಇದರಲ್ಲಿ 83 ಕೆಲ್ವಿನ್‌ನಲ್ಲಿ ಅಲೆ ಏರ್ಪಡುತ್ತದೆ. 3.9 ಕೆಲ್ವಿನ್‌ನಲ್ಲಿ ಅತಿವಾಹಕತೆ ಬರುತ್ತದೆ. 1980ರ ದಶಕದಲ್ಲಿ ಇದನ್ನು ವಾಯುಮಂಡಲದ ಸುಮಾರು 20 ಸಾವಿರ ಪಟ್ಟು ಒತ್ತಡದಲ್ಲಿ ಹಿಂಡಿ ನೋಡಿದರು. ಅಲೆ ಅಳಿಯಿತು. ಅದೇ ಕ್ಷಣ ಅತಿವಾಹಕತೆಯ ಉಷ್ಣತೆ 9 ಕೆಲ್ವಿನ್‌ಗೆ ಜಿಗಿಯಿತು. ಡಿಪಾಸಿಟ್ ಮುರಿದು ಹಣವೆಲ್ಲಾ ವ್ಯಾಪಾರಕ್ಕೆ ಮರಳಿ ಬಂದಂತೆ.

ಇದೇ ಕುಟುಂಬದ ಸಂಯುಕ್ತಗಳ ಮೇಲೆ ನಮ್ಮ ದೇಶದಲ್ಲೂ ದೊಡ್ಡ ಕೆಲಸ ನಡೆದಿದೆ. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಎಸ್. ರಾಮಕೃಷ್ಣನ್ ಲೈಡನ್‌ನ ವಿಜ್ಞಾನಿಗಳ ಜೊತೆಗೂಡಿ 2000ದಲ್ಲಿ ಒಂದು ಸಂಗತಿ ಪ್ರಕಟಿಸಿದರು. ಲುಟೇಷಿಯಂ ಜಾಗದಲ್ಲಿ ಎರ್ಬಿಯಂ ಇಟ್ಟರೆ, ಎರ್ಬಿಯಂ ಕಾಂತಗುಣದ ಪರಮಾಣುವಾದರೂ, ಅಲೆ ಏರ್ಪಡುತ್ತದೆ ಎಂಬುದು ಅದು. ಓನ್ನೆಸ್ ಅತಿವಾಹಕತೆ ಕಂಡ ಊರೂ ಅದೇ ಲೈಡನ್. ಟಾಟಾ ಸಂಸ್ಥೆಯವರೇ 1994ರಲ್ಲಿ ಇಟ್ರಿಯಂ, ನಿಕ್ಕಲ್, ಬೋರಾನ್, ಕಾರ್ಬನ್ ಸೇರಿದ ವಸ್ತುವಿನಲ್ಲಿ ಸುಮಾರು 12 ಕೆಲ್ವಿನ್‌ನಲ್ಲಿ ಅತಿವಾಹಕತೆ ಕಂಡದ್ದನ್ನು ಪ್ರಕಟಿಸಿದ್ದರು. ನಿಕ್ಕಲ್ ಇರುವಲ್ಲಿ ಇದನ್ನು ಯಾರೂ ಸುಲಭಕ್ಕೆ ನಿರೀಕ್ಷಿಸುವುದಿಲ್ಲ, ಏಕೆಂದರೆ ನಿಕ್ಕಲ್ ಸಾಮಾನ್ಯವಾಗಿ ಕಾಂತವಾಗುವ ಲೋಹ.

ಒತ್ತಡ ಹಾಕಲು ಯಂತ್ರವೇ ಬೇಕೆಂದಿಲ್ಲ. ಪಾತ್ರೆಗೆ ಕಲಾಯಿ ಹಾಕುವ ತವರ ನಮಗೆಲ್ಲ ಗೊತ್ತು. ಸ್ಟ್ರಾನ್ಷಿಯಂ, ಇರಿಡಿಯಂ, ತವರ ಸೇರಿದ ಒಂದು ಸಂಯುಕ್ತದಲ್ಲಿ 147 ಕೆಲ್ವಿನ್‌ನಲ್ಲಿ ಅಲೆ, 5 ಕೆಲ್ವಿನ್‌ನಲ್ಲಿ ಅತಿವಾಹಕತೆ. ಸ್ಟ್ರಾನ್ಷಿಯಂ ಬದಲು ಅದಕ್ಕಿಂತ ಚಿಕ್ಕದಾದ ಕ್ಯಾಲ್ಸಿಯಂ ಪರಮಾಣು ಇಟ್ಟರೆ ಸ್ಫಟಿಕ ತಾನಾಗಿ ಕುಗ್ಗುತ್ತದೆ. ಅಲೆ ದುರ್ಬಲವಾಗಿ ಅತಿವಾಹಕತೆ 7 ಕೆಲ್ವಿನ್‌ಗೆ ಏರುತ್ತದೆ. ಅದರ ಮೇಲೆ ಯಂತ್ರದ ಒತ್ತಡವನ್ನೂ ಹಾಕಿದರೆ 9ರ ಹತ್ತಿರ ಹೋಗುತ್ತದೆ.

ಇತ್ತೀಚಿನ ಉದಾಹರಣೆ ಬುಟ್ಟಿಯಿಂದ ಬಂದದ್ದು. ನಮ್ಮ ಬಂಬೂ ಬಜಾರ್ ಕಡೆ ಬಿದಿರ ಬುಟ್ಟಿ ಹೆಣೆಯುವುದನ್ನು ನೀವು ನೋಡಿರಬಹುದು. ಕೆಲವು ಹೆಣಿಗೆಯಲ್ಲಿ ಆರು ಮೂಲೆಯ ಕಣ್ಣು, ಅದರ ಸುತ್ತ ಮೂರು ಮೂಲೆಯ ಕಣ್ಣುಗಳು ಬರುತ್ತವೆ. ಜಪಾನಿನವರು ಈ ಹೆಣಿಗೆಗೆ ಕಾಗೊಮೆ ಎನ್ನುತ್ತಾರೆ. ಕಾಗೊ ಅಂದರೆ ಬುಟ್ಟಿ, ಮೆ ಅಂದರೆ ಕಣ್ಣು. ಬುಟ್ಟಿಯ ತೂತಿಗೆ ಅವರೂ ಕಣ್ಣು ಎಂದೇ ಕರೆಯುತ್ತಾರೆ! ಸೀಸಿಯಂ, ವನೇಡಿಯಂ, ಆಂಟಿಮನಿ ಸೇರಿದ ಒಂದು ಸಂಯುಕ್ತದಲ್ಲಿ ವನೇಡಿಯಂ ಪರಮಾಣುಗಳು ಇದೇ ಹೆಣಿಗೆಯಲ್ಲಿ ಕುಳಿತಿವೆ. ಇದನ್ನು 2019ರಲ್ಲಿ ವರದಿ ಮಾಡಿದರು. 94 ಕೆಲ್ವಿನ್‌ನಲ್ಲಿ ಅಲೆ, 2.5 ಕೆಲ್ವಿನ್‌ನಲ್ಲಿ ಅತಿವಾಹಕತೆ. ಒತ್ತಡದಿಂದ ಅಲೆಯನ್ನು ಅಳಿಸಿದರೆ ಅತಿವಾಹಕತೆ ಸುಮಾರು 8 ಕೆಲ್ವಿನ್ ಮುಟ್ಟುತ್ತದೆ. ಇಂದು ಜಗತ್ತಿನ ಎಷ್ಟೋ ಪ್ರಯೋಗಾಲಯಗಳು ಇದರ ಹಿಂದೆ ಬಿದ್ದಿವೆ.

ಶತ್ರುವೋ, ನೆರೆಯವನೋ?

ಇಷ್ಟು ಓದಿದ ಮೇಲೆ ಅಲೆಯನ್ನು ಓಡಿಸಿಬಿಟ್ಟರೆ ಎಲ್ಲವೂ ಸರಿಹೋಗುತ್ತದೆ ಎನಿಸುತ್ತದೆ. ಆದರೆ ನಿಯೋಬಿಯಂ ಮತ್ತು ಸೆಲೆನಿಯಂ ಸೇರಿದ ಪದರ ಪದರದ ವಸ್ತುವೊಂದು ಬೇರೆಯೇ ಹೇಳುತ್ತದೆ. ಅದರಲ್ಲಿ 33 ಕೆಲ್ವಿನ್‌ನಲ್ಲಿ ಅಲೆ ಬರುತ್ತದೆ, 7.2 ಕೆಲ್ವಿನ್‌ನಲ್ಲಿ ಅತಿವಾಹಕತೆ ಬರುತ್ತದೆ, ಎರಡೂ ಒಂದೇ ಮನೆಯಲ್ಲಿ ಹೊಂದಿಕೊಂಡು ಇರುತ್ತವೆ. ಒತ್ತಡ ಹಾಕಿ ಅಲೆಯನ್ನು ಅಳಿಸಿದರೂ ಅತಿವಾಹಕತೆಗೆ ಸಿಗುವ ಲಾಭ ಅಲ್ಪ.

ಇನ್ನೂ ಒಂದು ಸಂಗತಿ ಇದೆ. ಹಲವು ವಸ್ತುಗಳಲ್ಲಿ ಅತಿವಾಹಕತೆ ಅತ್ಯಂತ ಬಲವಾಗಿರುವುದು ಅಲೆ ಪೂರ್ತಿ ಮರೆತುಹೋದ ಜಾಗದಲ್ಲಲ್ಲ, ಅಲೆ ಈಗಷ್ಟೇ ಅಳಿಯುತ್ತಿರುವ ಅಂಚಿನಲ್ಲಿ. ಅಲ್ಲಿ ಪರಮಾಣುಗಳು ಸರಿಯಲೋ ಬೇಡವೋ ಎಂಬ ಸ್ಥಿತಿಯಲ್ಲಿ ಮೆದುವಾಗಿ ಓಲಾಡುತ್ತವೆ. ಮೆದು ಓಲಾಟ ಎಂದರೆ ಎಲೆಕ್ಟ್ರಾನುಗಳಿಗೆ ಒಳ್ಳೆಯ ಮಧ್ಯಸ್ಥಗಾರ. ಅಂದರೆ ಅಲೆಯನ್ನು ಹುಟ್ಟಿಸುವ ಗುಣವೇ ಜೋಡಿಯನ್ನೂ ಕಟ್ಟುತ್ತದೆ. ಇಬ್ಬರೂ ಒಂದೇ ಅಂಗಡಿಯಲ್ಲಿ ಕೆಲಸ ಕಲಿತವರು, ಆಮೇಲೆ ಎದುರುಬದುರು ಅಂಗಡಿ ಇಟ್ಟವರು. ಯಾವ ವಸ್ತುವಿನಲ್ಲಿ ಪೈಪೋಟಿ ಎಷ್ಟು, ಸಹಕಾರ ಎಷ್ಟು ಎಂಬುದನ್ನು ಒಂದೊಂದಾಗಿ ಅಳೆದೇ ತಿಳಿಯಬೇಕು.

ಬೆಂಗಳೂರಿನ ಪಾಲು

1986ರಲ್ಲಿ ಬೆಡ್ನೋರ್ಜ್ ಮತ್ತು ಮುಲ್ಲರ್ ತಾಮ್ರದ ಆಕ್ಸೈಡುಗಳಲ್ಲಿ ಹೊಸ ಬಗೆಯ ಅತಿವಾಹಕತೆಯನ್ನು ಕಂಡರು. 1987ರ ಆರಂಭದಲ್ಲಿ ಇಟ್ರಿಯಂ, ಬೇರಿಯಂ, ತಾಮ್ರದ ಆಕ್ಸೈಡು 90 ಕೆಲ್ವಿನ್ ದಾಟಿತು. ಇದು ದೊಡ್ಡ ಸುದ್ದಿ. ಏಕೆಂದರೆ 77 ಕೆಲ್ವಿನ್‌ನಲ್ಲಿ ಕುದಿಯುವ ದ್ರವ ಸಾರಜನಕವೇ ಅದನ್ನು ತಣ್ಣಗಿಡಲು ಸಾಕು, ಸಾರಜನಕವೋ ಗಾಳಿಯಲ್ಲೇ ಬೇಕಾದಷ್ಟಿದೆ. ಆ ವಸ್ತುವಿನಲ್ಲಿ ಅತಿವಾಹಕತೆಗೆ ಕಾರಣವಾದ ರೂಪ ಯಾವುದೆಂದು ಗುರುತಿಸಿದ ತಂಡಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಿ.ಎನ್.ಆರ್. ರಾವ್ ಅವರ ತಂಡವೂ ಒಂದು. ಅದೇ ವರ್ಷ 'ನೇಚರ್' ಪತ್ರಿಕೆಯಲ್ಲಿ ಅವರ ಲೇಖನ ಬಂತು. ರಾವ್ ಅವರು 1951ರಲ್ಲಿ ಬಿ.ಎಸ್ಸಿ. ಪಡೆದದ್ದು ನಮ್ಮ ಮೈಸೂರು ವಿಶ್ವವಿದ್ಯಾನಿಲಯದಿಂದ.

ಈ ಆಕ್ಸೈಡು ಅಂತರಲೋಹೀಯವಲ್ಲ. ಆದರೂ 2012ರಲ್ಲಿ ಎಕ್ಸ್-ಕಿರಣಗಳಿಂದ ನೋಡಿದಾಗ ಅದರೊಳಗೂ ಅದೇ ಪ್ರತಿಸ್ಪರ್ಧಿ ಸಿಕ್ಕಿದ. ತಣ್ಣಗಾಗುತ್ತಾ ಹೋದಂತೆ ಅಲೆ ಬಲವಾಗುತ್ತಿತ್ತು, ಅತಿವಾಹಕತೆ ಬಂದ ಕೂಡಲೇ ಕುಗ್ಗತೊಡಗಿತು. ಕಾಂತಕ್ಷೇತ್ರ ಹಾಕಿ ಅತಿವಾಹಕತೆಯನ್ನು ದುರ್ಬಲ ಮಾಡಿದಾಗ ಅಲೆ ಮತ್ತೆ ತಲೆ ಎತ್ತಿತು. ಪೈಪೋಟಿಗೆ ಇದಕ್ಕಿಂತ ನೇರವಾದ ಸಾಕ್ಷಿ ಕಷ್ಟ.

ವೋಚರ್ ಇಲ್ಲದೆ ಎಂಟ್ರಿ ಇಲ್ಲ

2018ರಲ್ಲಿ ಬೆಂಗಳೂರಿನಿಂದ ಇನ್ನೊಂದು ಸುದ್ದಿ ಬಂತು. ಚಿನ್ನದೊಳಗೆ ಬೆಳ್ಳಿಯ ಅತಿಸೂಕ್ಷ್ಮ ಕಣಗಳನ್ನು ಕೂರಿಸಿದ ವಸ್ತುವಿನಲ್ಲಿ 236 ಕೆಲ್ವಿನ್‌ನಲ್ಲೇ ಅತಿವಾಹಕತೆ ಕಂಡಿದೆ ಎಂಬ ಹಸ್ತಪ್ರತಿ ಅದು. ಕೆಲವೇ ದಿನಗಳಲ್ಲಿ ಅಮೆರಿಕದ ಒಬ್ಬ ವಿಜ್ಞಾನಿ ಒಂದು ವಿಚಿತ್ರವನ್ನು ಗಮನಿಸಿದರು. ಎರಡು ಬೇರೆ ಬೇರೆ ಅಳತೆಗಳಲ್ಲಿ ಬಂದಿದ್ದ ಚಿಕ್ಕಪುಟ್ಟ ಏರುಪೇರುಗಳು ಒಂದೇ ಥರ ಇದ್ದವು. ಏರುಪೇರು ಅಂದಮೇಲೆ ಅದು ಪ್ರತಿ ಸಲವೂ ಬೇರೆಯಾಗಿರಬೇಕಲ್ಲವೇ? ಚರ್ಚೆಯಾಯಿತು, 2019ರಲ್ಲಿ ಹೆಚ್ಚು ಅಳತೆಗಳೊಂದಿಗೆ ಹೊಸ ಆವೃತ್ತಿ ಬಂತು. ಆದರೆ ಆ ಫಲಿತಾಂಶ ಎಲ್ಲರೂ ಒಪ್ಪಿದ ಸಂಗತಿಯಾಗಿಲ್ಲ. ಯಾರನ್ನೂ ದೂರಲು ಇದನ್ನು ಬರೆಯುತ್ತಿಲ್ಲ. ಆಡಿಟ್ ಎಂಬುದು ವಿಜ್ಞಾನದಲ್ಲೂ ಇದೆ, ಅಲ್ಲಿಯೂ ವೋಚರ್ ನೋಡದೆ ಎಂಟ್ರಿ ಒಪ್ಪುವುದಿಲ್ಲ ಎಂದು ಹೇಳಲು ಬರೆದೆ. ರೋಧ ಸೊನ್ನೆ ಎಂದರೆ ಸಾಲದು. ಕಾಂತಕ್ಷೇತ್ರವನ್ನು ಹೊರದೂಡುತ್ತದೆಯೇ? ಶಾಖ ಹೀರುವ ಗುಣದಲ್ಲಿ ಬದಲಾವಣೆ ಇದೆಯೇ? ಬೇರೆಯವರು ಮಾಡಿದರೂ ಅದೇ ಬರುತ್ತದೆಯೇ? ಎಲ್ಲಾ ಕಾಲಂಗಳೂ ತಾಳೆಯಾಗಬೇಕು.

ನಮಗೇನು ಸಂಬಂಧ?

ಎಂ.ಆರ್.ಐ. ಸ್ಕ್ಯಾನ್ ಬರೆದುಕೊಟ್ಟ ಚೀಟಿ ಕೈಯಲ್ಲಿ ಹಿಡಿದು ಮನೆಯವರು ಹಣದ ಲೆಕ್ಕ ಹಾಕುವುದನ್ನು ನಮ್ಮಲ್ಲಿ ಅನೇಕರು ನೋಡಿದ್ದೇವೆ. ಆ ಯಂತ್ರದ ದೊಡ್ಡ ಕಾಂತದೊಳಗೆ ಇರುವುದು ನಿಯೋಬಿಯಂ-ಟೈಟಾನಿಯಂನ ಅತಿವಾಹಕ ತಂತಿ. ಅದನ್ನು ದ್ರವ ಹೀಲಿಯಂನಲ್ಲಿ ತಣ್ಣಗಿಡಬೇಕು. ಸಾಮಾನ್ಯ ಯಂತ್ರವೊಂದರಲ್ಲಿ ಸಾವಿರ ಲೀಟರಿಗೂ ಹೆಚ್ಚು ಹೀಲಿಯಂ ಇರುತ್ತದೆ. ಕೆಲವೇ ಲೀಟರಿನಲ್ಲಿ ನಡೆಯುವ ಹೊಸ ಯಂತ್ರಗಳು ಈಗೀಗ ಬರುತ್ತಿವೆ. ಭಾರತ ತನಗೆ ಬೇಕಾದ ಹೀಲಿಯಂನ ಬಹುಪಾಲನ್ನು ಹೊರದೇಶದಿಂದ ತರಿಸುತ್ತದೆ. ಸ್ಕ್ಯಾನ್‌ನ ಬಿಲ್ಲಿಗೆ ಬೇರೆ ಕಾರಣಗಳೂ ಇವೆ, ಆದರೆ ಯಂತ್ರವನ್ನು ಕೊಂಡು ತಣ್ಣಗಿಡುವ ಖರ್ಚೂ ಅದರಲ್ಲಿ ಸೇರಿದೆ.

ಇನ್ನೂ ಬಲವಾದ ಕಾಂತ ಬೇಕಾದಲ್ಲಿ ನಿಯೋಬಿಯಂ ಮತ್ತು ತವರದ ಅಂತರಲೋಹೀಯ ಸಂಯುಕ್ತ ಬಳಸುತ್ತಾರೆ. ಅದು 18 ಕೆಲ್ವಿನ್‌ನಲ್ಲಿ ಅತಿವಾಹಕವಾಗುತ್ತದೆ. ಫ್ರಾನ್ಸಿನಲ್ಲಿ ಕಟ್ಟುತ್ತಿರುವ ಐಟರ್ ಎಂಬ ಪರಮಾಣು ಸಮ್ಮಿಲನ ಯಂತ್ರದ ಕಾಂತಗಳಲ್ಲಿ ಇದೂ ಇದೆ. ಆ ಯೋಜನೆಯಲ್ಲಿ ಭಾರತವೂ ಪಾಲುದಾರ.

ಹಾಗಾಗಿ 3.9 ಕೆಲ್ವಿನ್ 9 ಆಯಿತು, 2.5 ಕೆಲ್ವಿನ್ 8 ಆಯಿತು ಎಂಬ ಸುದ್ದಿಯನ್ನು ಚಿಕ್ಕದೆಂದು ಬದಿಗಿಡುವಂತಿಲ್ಲ. ಅಲೆ ಯಾವಾಗ ಅಡ್ಡಿ, ಯಾವಾಗ ನೆರವು ಎಂದು ತಿಳಿದರೆ ಮುಂದಿನ ವಸ್ತುವನ್ನು ಕುರುಡಾಗಿ ಹುಡುಕುವ ಬದಲು ಲೆಕ್ಕ ಹಾಕಿ ಹುಡುಕಬಹುದು. ಲುಟೇಷಿಯಂ, ಇರಿಡಿಯಂಗಳಿಂದ ಯಾರೂ ಊರಿಗೆ ವಿದ್ಯುತ್ ತಂತಿ ಎಳೆಯುವುದಿಲ್ಲ, ಅವು ಅಷ್ಟು ದುಬಾರಿ. ಅವು ಪಾಠದ ಪುಸ್ತಕಗಳಿದ್ದಂತೆ, ಅವುಗಳಿಂದ ನಿಯಮ ಕಲಿಯಬೇಕು. ಆ ನಿಯಮ ಹಿಡಿದು ಅಗ್ಗದ ವಸ್ತು ಹುಡುಕುವ ಕೆಲಸ ಇನ್ನೂ ಬಾಕಿ ಇದೆ. ನಮ್ಮ ಕಾಲೇಜಿನ ಸೈನ್ಸ್ ವಿಭಾಗದವರಲ್ಲಿ ಯಾರಾದರೂ ಅದಕ್ಕೆ ಕೈ ಹಾಕಿದರೆ, ಅದರ ಖರ್ಚುವೆಚ್ಚದ ಲೆಕ್ಕ ನೋಡಿಕೊಳ್ಳಲು ಕಾಮರ್ಸ್ ವಿಭಾಗದ ನಾವಿದ್ದೇವೆ.